ಇಪ್ಪತ್ತೈದು ಸಾವಿರ ಅಡಿಯ ಚಳಿಗೆ ಹೊಲಿದ ಕೋಟು

ಚಳಿಗಾಲ ಬಂತೆಂದರೆ ಬಟ್ಟೆ ಅಂಗಡಿಗಳಲ್ಲಿ ‘ಬಾಂಬರ್ ಜಾಕೆಟ್’ ಎಂಬ ಹೆಸರು ಕಂಡಕಂಡದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ನೈಲಾನಿನದ್ದೂ ಬಾಂಬರ್, ರೆಕ್ಸಿನ್ನಿನದ್ದೂ ಬಾಂಬರ್, ಒಳಗೆ ಪಾಲಿಯೆಸ್ಟರ್ ತುಪ್ಪಳ ಅಂಟಿಸಿದ್ದೂ ಬಾಂಬರ್. ಆ ಹೆಸರು ಕೇಳಿದಾಗ ಮನಸ್ಸಿನಲ್ಲಿ ಮೂಡುವ ಚಿತ್ರ, ಅಂದರೆ ದಪ್ಪ ಕಂದು ಚರ್ಮ, ಅಗಲವಾದ ಉಣ್ಣೆಯ ಕಾಲರು, ತೋಳಿನ ತುದಿಯಿಂದ ಹೊರಗೆ ಇಣುಕುವ ಬೆಳ್ಳನೆಯ ತುಪ್ಪಳ, ಇವೆಲ್ಲ ಬಂದದ್ದು ಮುಖ್ಯವಾಗಿ ಎರಡು ಕೋಟುಗಳಿಂದ. ಒಂದು ಬ್ರಿಟನ್ನಿನ ವಾಯುಪಡೆಯ ಇರ್ವಿನ್. ಇನ್ನೊಂದು ಅಮೆರಿಕ ಸೇನೆಯ ವಿಮಾನ ಸಿಬ್ಬಂದಿಯ ಬಿ-3. ಹಳೆಯ ಸೇನಾ ಉಡುಪು ಸಂಗ್ರಹಿಸುವವರು ಇವತ್ತಿಗೂ ಇವೆರಡನ್ನು ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ವಾದಿಸುತ್ತಾರೆ.

ಯಾವುದು ಹೆಚ್ಚು ಬೆಚ್ಚಗೆ, ಯಾವುದು ಹೆಚ್ಚು ಚೆಂದ ಎಂದು ಕೇಳಿದರೆ ಈ ವಾದ ಮುಗಿಯುವುದಿಲ್ಲ. ಕೋಟು ಹೊಲಿದದ್ದು ಎಲ್ಲಿ ಕೂತವನಿಗೆ, ಎಲ್ಲಿ ನಿಂತವನಿಗೆ, ಅವನ ಮೈಗೆ ಗಾಳಿ ಎಷ್ಟು ಬಡಿಯುತ್ತಿತ್ತು ಎಂದು ಕೇಳಿದರೆ ಮಾತ್ರ ಒಂದೊಂದು ಹೊಲಿಗೆಗೂ ಅರ್ಥ ಬರುತ್ತದೆ.

ಮೊದಲು ಚಳಿಯ ಲೆಕ್ಕ. ನೆಲಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಂಡರೆ, ಒಂದು ಕಿಲೋಮೀಟರ್ ಮೇಲೇರಿದಂತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. 20,000 ಅಡಿಯಲ್ಲಿ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರುಗಳು ಜರ್ಮನಿಯ ಮೇಲೆ ಹಾರುತ್ತಿದ್ದ 25,000 ಅಡಿಯ ಹೊತ್ತಿಗೆ ಮೈನಸ್ 34. 30,000 ಅಡಿಗೆ ಮೈನಸ್ 44. ಇವು ಸರಾಸರಿಯ ಅಂಕಿಗಳು. ಯುರೋಪಿನ ಚಳಿಗಾಲದಲ್ಲಿ ಇನ್ನೂ ಕೆಳಗಿಳಿಯುತ್ತಿತ್ತು. ಇದರ ಮೇಲೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿಗೂ ಮೀರಿದ ವೇಗದ ಗಾಳಿ. ಇಂದಿನ ಪ್ರಯಾಣಿಕ ವಿಮಾನದಲ್ಲಿ ಅಂಗಿ ತೊಟ್ಟು ಕೂತು ಕಾಫಿ ಕುಡಿಯುವ ನಮಗೆ, ಆ ತೆಳು ಗೋಡೆಯ ಆಚೆ ಅದೇ ಚಳಿ ಇದೆ ಎನ್ನುವುದು ನೆನಪಿಗೇ ಬರುವುದಿಲ್ಲ.

ಈ ಚಳಿಯ ವಿರುದ್ಧದ ಮೊದಲ ಬುದ್ಧಿವಂತ ಉತ್ತರ ಹೊಳೆದದ್ದು ಮೊದಲ ಮಹಾಯುದ್ಧದ ಕಾಲಕ್ಕೆ, ಬ್ರಿಟಿಷ್ ನೌಕಾ ವಾಯುಪಡೆಯಲ್ಲಿದ್ದ ಆಸ್ಟ್ರೇಲಿಯಾದ ಸಿಡ್ನಿ ಕಾಟನ್‌ಗೆ. ಎಂಜಿನ್ ರಿಪೇರಿ ಮಾಡುತ್ತಿದ್ದ ಎಣ್ಣೆ ಜಿಡ್ಡಿನ ಬಟ್ಟೆಯಲ್ಲೇ ಒಮ್ಮೆ ಅವಸರದಲ್ಲಿ ವಿಮಾನ ಏರಿದಾಗ, ಉಳಿದವರೆಲ್ಲ ನಡುಗುತ್ತ ಇಳಿದರೂ ತನಗೆ ಅಷ್ಟು ಚಳಿಯಾಗಲಿಲ್ಲ ಎಂಬುದನ್ನು ಅವರು ಗಮನಿಸಿದರು. ಜಿಡ್ಡು ಕುಡಿದ ಬಟ್ಟೆ ಗಾಳಿಯನ್ನು ಒಳಗೆ ಬಿಟ್ಟಿರಲಿಲ್ಲ. ಮೈಯ ಬಿಸಿ ಹೊರಗೆ ಹೋಗಿರಲಿಲ್ಲ. ಇದರಿಂದ ಹುಟ್ಟಿದ್ದು ತುಪ್ಪಳದ ಒಳಪದರ, ಗಾಳಿ ತಡೆಯುವ ನಡುಪದರ, ಗಟ್ಟಿ ಹೊರಬಟ್ಟೆ ಇರುವ ‘ಸಿಡ್‌ಕಾಟ್’ ಸೂಟು. ಹಾರುವವರ ಬಟ್ಟೆಯ ಸೂತ್ರವೆಲ್ಲ ಇಷ್ಟರಲ್ಲೇ ಇದೆ: ಒಳಗೆ ಗಾಳಿಯನ್ನು ಹಿಡಿದಿಡಬೇಕು, ಹೊರಗಿನ ಗಾಳಿಯನ್ನು ತಡೆಯಬೇಕು.

ಕುರಿ ಈ ಎರಡನ್ನೂ ಒಂದೇ ತೊಗಲಿನಲ್ಲಿ ಮಾಡಿಕೊಡುತ್ತದೆ. ಶಿಯರ್ಲಿಂಗ್ ಎಂದರೆ ಉಣ್ಣೆಯನ್ನು ಬೇರ್ಪಡಿಸದೆ ಹಾಗೆಯೇ ಹದ ಮಾಡಿದ ಕುರಿತೊಗಲು. ಉಣ್ಣೆಯನ್ನು ಒಂದೇ ಎತ್ತರಕ್ಕೆ ಕತ್ತರಿಸಿರುತ್ತಾರೆ. ಕೋಟಿನಲ್ಲಿ ಉಣ್ಣೆ ಒಳಮುಖ, ಚರ್ಮ ಹೊರಮುಖ. ಉಣ್ಣೆಯ ಎಳೆ ನೆಟ್ಟಗಿರುವುದಿಲ್ಲ, ಸುರುಳಿ ಸುರುಳಿಯಾಗಿರುತ್ತದೆ. ಆ ಸುರುಳಿಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಲ್ಲುತ್ತದೆ, ಅಲ್ಲಾಡದ ಗಾಳಿಯ ಮೂಲಕ ಬಿಸಿ ಸುಲಭವಾಗಿ ದಾಟುವುದಿಲ್ಲ. ಉಣ್ಣೆಗೆ ಇನ್ನೊಂದು ಗುಣವೂ ಇದೆ. ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಜಡಿಮಳೆಯಲ್ಲಿ ಕಂಬಳಿ ಗೊಪ್ಪೆ ಹಾಕಿಕೊಂಡು ಮಂದೆಯ ಹಿಂದೆ ನಡೆಯುವ ನಮ್ಮ ಕುರಿಗಾಹಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಂಬಳಿಯ ನೇಯ್ಗೆಯ ಸಂದಿನಲ್ಲಿ ಗಾಳಿ ನುಗ್ಗುತ್ತದೆ, ತೊಗಲಿನಲ್ಲಿ ಸಂದಿಲ್ಲ.

ಇನ್ನು ಇರ್ವಿನ್ ಕೋಟಿನ ವಿಚಾರ. ಇದನ್ನು ರೂಪಿಸಿದವರು ದರ್ಜಿಯಲ್ಲ, ಪ್ಯಾರಾಚೂಟ್ ತಯಾರಕರು. ಲೆಸ್ಲಿ ಇರ್ವಿನ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ. 1919ರ ಏಪ್ರಿಲ್ 28ರಂದು ಒಹಾಯೋದ ಮೆಕುಕ್ ಫೀಲ್ಡಿನಲ್ಲಿ ವಿಮಾನದಿಂದ ಜಿಗಿದು, ಸ್ವಲ್ಪ ಹೊತ್ತು ಹಾಗೆಯೇ ಬಿದ್ದು, ಆಮೇಲೆ ತಾವೇ ಹಗ್ಗ ಎಳೆದು ಪ್ಯಾರಾಚೂಟ್ ಬಿಡಿಸಿಕೊಂಡರು. ನೆಲಕ್ಕೆ ಇಳಿಯುವಾಗ ಕಾಲಿನ ಗಿಣ್ಣು ಮುರಿಯಿತು. ಗಾಳಿಯಲ್ಲಿ ಬೀಳುವ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ, ಕೈ ಆಡುವುದಿಲ್ಲ ಎಂದು ಆ ಕಾಲದ ಬಹಳ ಜನ ನಂಬಿದ್ದರು. ಆ ನಂಬಿಕೆ ಅಂದು ಸುಳ್ಳಾಯಿತು. ಇರ್ವಿನ್ ಅಮೆರಿಕದಲ್ಲಿ ಕಂಪನಿ ಕಟ್ಟಿದರು, 1926ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ಕಾರ್ಖಾನೆ ತೆರೆದರು. ಕಂಪನಿಯ ಹೆಸರು ದಾಖಲಾಗುವಾಗ ಗುಮಾಸ್ತೆಯ ತಪ್ಪಿನಿಂದ ಒಂದಕ್ಷರ ಹೆಚ್ಚಾಗಿ ‘ಇರ್ವಿಂಗ್’ ಆಯಿತು, ಹಾಗೆಯೇ ಉಳಿಯಿತು. ಹಳೆಯ ಲೇಬಲ್‌ಗಳಲ್ಲಿ ಈ ಹೆಸರು ಕಂಡರೆ ನಕಲಿ ಎಂದು ಗಾಬರಿಯಾಗಬೇಕಿಲ್ಲ. ಪ್ಯಾರಾಚೂಟಿನಿಂದ ಜೀವ ಉಳಿಸಿಕೊಂಡವರಿಗೆ ಕಂಪನಿ ಚಿಕ್ಕದೊಂದು ಚಿನ್ನದ ಕಂಬಳಿಹುಳುವಿನ ಪಿನ್ನು ಕೊಡುತ್ತಿತ್ತು, ಆಗಿನ ಪ್ಯಾರಾಚೂಟು ರೇಷ್ಮೆಯದ್ದಾಗಿತ್ತಲ್ಲ, ಅದರ ನೆನಪಿಗೆ.

1930ರ ದಶಕದ ಆರಂಭದಲ್ಲಿ ಇರ್ವಿನ್ ಈ ಕೋಟನ್ನು ರೂಪಿಸಿದಾಗ ಬ್ರಿಟನ್ನಿನ ಫೈಟರ್ ವಿಮಾನಗಳು ಎರಡು ಜೊತೆ ರೆಕ್ಕೆಯವು, ಪೈಲಟ್ ಕೂರುವ ಜಾಗ ಬಾಯ್ತೆರೆದ ತೊಟ್ಟಿ. ತಲೆ, ಕುತ್ತಿಗೆ, ಹೆಗಲಿಗೆ ಗಾಳಿ ನೇರ ಬಡಿಯುತ್ತಿತ್ತು. ಕೋಟಿನ ಆಕಾರ ಆ ಆಸನದಿಂದಲೇ ಬಂದದ್ದು. ಕಾಲರು ಎತ್ತಿ ನಿಲ್ಲಿಸಿದರೆ ಕಿವಿಯವರೆಗೂ ಬರುವಷ್ಟು ಅಗಲ. ಉದ್ದ ಸೊಂಟಕ್ಕೆ ಮುಗಿಯುತ್ತದೆ, ಕೂತವನಿಗೆ ಅದಕ್ಕಿಂತ ಕೆಳಗಿನದ್ದು ಮಡಿಚಿಕೊಂಡು ತೊಂದರೆ ಕೊಡುತ್ತದೆ. ಸೊಂಟದಲ್ಲಿ ಬಕಲ್ ಇರುವ ಬೆಲ್ಟು, ಕೆಳಗಿನಿಂದ ಗಾಳಿ ನುಗ್ಗದ ಹಾಗೆ ಬಿಗಿಯಲು. ಮೂಲ ಇರ್ವಿನ್‌ಗೆ ಜೇಬೇ ಇಲ್ಲ. ಇದನ್ನು ಕೇಳಿ ಇಂದಿನ ಗಿರಾಕಿಗಳು ಅಚ್ಚರಿಪಡುತ್ತಾರೆ. ಆದರೆ ಎದೆ, ಹೆಗಲು, ತೊಡೆಗಳ ಮೇಲೆ ಪ್ಯಾರಾಚೂಟಿನ ಪಟ್ಟಿಗಳು, ಅದರ ಮೇಲೆ ಆಸನದ ಪಟ್ಟಿಗಳು ಬಿಗಿದುಕೊಂಡು, ಮುಂಡ ತಿರುಗಿಸಲೂ ಜಾಗವಿಲ್ಲದೆ ಕೂತವನು ಜೇಬಿಗೆ ಕೈ ಹಾಕುವುದಾದರೂ ಯಾವಾಗ? ಪ್ಯಾರಾಚೂಟ್ ಮಾಡುವವರ ಕೈಯಲ್ಲಿ ಹುಟ್ಟಿದ ಕೋಟು ಇದು. ಪಟ್ಟಿಗಳ ಕೆಳಗೆ ಎಲ್ಲಿಯೂ ಗಂಟಾಗದ ಹಾಗೆ ನಯವಾಗಿ ಕೂರುತ್ತದೆ.

ಇರ್ವಿನ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೋಳಿನ ಜಿಪ್. ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಮುಂಗೈಯುದ್ದಕ್ಕೂ ಜಿಪ್ ಇದೆ. ಅದನ್ನು ಬಿಚ್ಚಿದರೆ ತೋಳು ಅಗಲವಾಗಿ ತೆರೆದುಕೊಳ್ಳುತ್ತದೆ, ಉದ್ದನೆಯ ಕೈಗವಸು ತೊಟ್ಟ ಕೈ ಸಲೀಸಾಗಿ ಒಳಗೆ ಹೋಗುತ್ತದೆ. ಎಳೆದು ಮುಚ್ಚಿದರೆ ಕೈಗವಸಿಗೂ ತೋಳಿಗೂ ನಡುವೆ ಕೂದಲೆಳೆಯಷ್ಟೂ ಸಂದು ಉಳಿಯುವುದಿಲ್ಲ. ವಿಮಾನ ನಡೆಸುವವನ ಕೈ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಚಾಚಿದ ಕೈಯಲ್ಲಿ ತೋಳು ಹಿಂದಕ್ಕೆ ಸರಿದು ಮಣಿಕಟ್ಟು ಬಯಲಾಗುತ್ತದೆ. ರಕ್ತನಾಳಗಳು ಚರ್ಮದ ತೀರ ಹತ್ತಿರ ಹಾಯುವ ಆ ಎರಡು ಬೆರಳಗಲದ ಜಾಗ ತಣ್ಣಗಾದರೆ ಬೆರಳುಗಳೂ ಮರಗಟ್ಟುತ್ತವೆ. ಎಲ್ಲಿ ಚಳಿ ನುಗ್ಗುತ್ತದೆ ಎಂದು ತಾನೇ ಗಾಳಿಗೆ ಮೈಯೊಡ್ಡಿ ತಿಳಿದವನು ಮಾತ್ರ ಅಲ್ಲಿ ಜಿಪ್ ಇಡುತ್ತಾನೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕಡೆಯ ಗೆಳೆಯರೊಬ್ಬರ ಬಳಿ ಎರಡನೇ ಮಹಾಯುದ್ಧದ ಕಾಲದ ಇರ್ವಿನ್ ಒಂದಿದೆ. ಮೇಜಿನ ಮೇಲೆ ಅಂಗಾತ ಹರಡಿ, ಬೆನ್ನು ತಿರುಗಿಸಿ, ನಿಧಾನವಾಗಿ ನೋಡಲು ಬಿಟ್ಟರು. ಬೆನ್ನಿನ ಮೇಲೆ ಹೊಲಿಗೆಯ ಗೆರೆಗಳೋ ಗೆರೆಗಳು. ಯುದ್ಧದ ಆರಂಭದ ಕೋಟುಗಳಲ್ಲಿ ಬೆನ್ನು, ಎದೆ, ತೋಳಿಗೆ ದೊಡ್ಡ ದೊಡ್ಡ ತುಂಡುಗಳನ್ನೇ ಬಳಸುತ್ತಿದ್ದರು. ಯುದ್ಧ ಮುಂದುವರಿದಂತೆ ತೊಗಲಿನ ಕೊರತೆಯಾಯಿತು. ಒಂದು ಚೂರೂ ಪೋಲಾಗದಂತೆ ಸಣ್ಣ ತುಂಡುಗಳನ್ನು ಜೋಡಿಸಿ ಹೊಲಿಯತೊಡಗಿದರು. ಹಾಗಾಗಿ ಹೊಲಿಗೆಗಳ ಸಂಖ್ಯೆ ನೋಡಿಯೇ ಕೋಟು ಯುದ್ಧದ ಯಾವ ಹೊತ್ತಿನದ್ದೆಂದು ಬಲ್ಲವರು ಅಂದಾಜು ಮಾಡುತ್ತಾರೆ. ಗೆಳೆಯರ ಕೋಟಿನಲ್ಲಿ ಒಂದೊಂದು ತುಂಡೂ ಬಣ್ಣವನ್ನು ಒಂದೊಂದು ರೀತಿ ಕುಡಿದಿತ್ತು. ಒಂದು ಕಾಫಿಪುಡಿಯ ಕಂದು, ಪಕ್ಕದ್ದು ಮಾಸಿ ಕೆಂಪಗೆ ತಿರುಗಿದ್ದು, ಮೊಣಕೈ ಹತ್ತಿರದ್ದು ಸವೆದು ಬೆಳ್ಳಗಾಗಿದ್ದು. ಕಾಲರಿನ ಉಣ್ಣೆ ಗಲ್ಲ ತಾಗುವ ಜಾಗದಲ್ಲಿ ಒತ್ತಿಕೊಂಡು ಹಳದಿಯಾಗಿ ಕೂತಿತ್ತು. ಹೊಚ್ಚಹೊಸ ನಕಲು ಕೋಟುಗಳ ಒಂದೇ ಬಣ್ಣದ ನುಣುಪಿಗಿಂತ ಈ ಒಡಕು ಬಣ್ಣವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಒಂದು ದೇಶ ಚರ್ಮದ ಚೂರನ್ನೂ ಎಣಿಸಿ ಬಳಸಿದ ದಿನಗಳು ಆ ಬೆನ್ನಿನ ಮೇಲೆ ಬರೆದಿಟ್ಟಂತಿವೆ.

ಅಮೆರಿಕದ ಬಿ-3 ಸೇನೆಯ ಒಪ್ಪಿಗೆ ಪಡೆದದ್ದು 1934ರಲ್ಲಿ. ವಸ್ತು ಅದೇ, ಉಣ್ಣೆ ಸಮೇತದ ಕುರಿತೊಗಲು. ಆದರೆ ಮೈಕಟ್ಟು ಬೇರೆ. ಇರ್ವಿನ್ ಸೊಂಟಕ್ಕೆ ಬಿಗಿದರೆ ಬಿ-3 ಸೊಂಟದ ಕೆಳಗೂ ಸಡಿಲವಾಗಿ, ಪೆಟ್ಟಿಗೆಯಂತೆ ಇಳಿಯುತ್ತದೆ. ಸುತ್ತುವ ಬೆಲ್ಟಿಲ್ಲ, ಬಿಗಿ ಮಾಡಿಕೊಳ್ಳಲು ಪಕ್ಕೆಯಲ್ಲಿ ಚರ್ಮದ ಪಟ್ಟಿಗಳಿವೆ. ಕಾಲರನ್ನು ಎತ್ತಿ ಗಂಟಲಿನ ಮುಂದೆ ಎರಡು ಪುಟ್ಟ ಪಟ್ಟಿಗಳಿಂದ ಕಟ್ಟಿಕೊಳ್ಳಬಹುದು. ಕಟ್ಟಿದರೆ ಮೂಗಿನ ಕೆಳಗಿನವರೆಗೂ ಉಣ್ಣೆಯ ಕೋಟೆ. ತೋಳಿಗೆ ಜಿಪ್ ಇಲ್ಲ. ಅದರ ಬದಲು, ಬೇಗ ಸವೆಯುವ ಮುಂಗೈ ಭಾಗಕ್ಕೆ ಕುದುರೆ ತೊಗಲಿನ ಹೊದಿಕೆ ಹೊಲಿದಿದ್ದಾರೆ, ಹೊಲಿಗೆಗಳ ಮೇಲೂ ಅದೇ ತೊಗಲಿನ ಪಟ್ಟಿ ಓಡುತ್ತದೆ. ಜೇಬೂ ಇದೆ. ಕುರಿತೊಗಲು ಮೃದು, ತಿಕ್ಕಾಟಕ್ಕೆ ಬಾಳುವುದಿಲ್ಲ. ಕುದುರೆ ತೊಗಲು ಗಟ್ಟಿ. ಲೋಹದ ಅಂಚುಗಳು, ಗುಂಡಿನ ಪಟ್ಟಿಗಳು, ಇಕ್ಕಟ್ಟಾದ ಹಾದಿಗಳ ನಡುವೆ ಓಡಾಡುವವನ ಕೋಟು ಎಲ್ಲಿ ಉಜ್ಜಿಕೊಳ್ಳುತ್ತದೋ ಅಲ್ಲಿಯೇ ಅದನ್ನು ಹಾಕಿದ್ದಾರೆ. ಇದಕ್ಕೆ ಜೋಡಿಯಾಗಿ ಎ-3 ಎಂಬ ಕುರಿತೊಗಲಿನ ಪ್ಯಾಂಟೂ ಇತ್ತು.

ಬಿ-3 ಅತಿ ಹೆಚ್ಚು ಬೇಕಾದದ್ದು ಬಿ-17 ಬಾಂಬರಿನ ಗನ್ನರ್‌ಗೆ. ಹತ್ತು ಜನರ ತಂಡದಲ್ಲಿ ವಿಮಾನದ ಎರಡು ಪಕ್ಕೆಗಳಲ್ಲಿ ನಿಲ್ಲುತ್ತಿದ್ದ ಗನ್ನರ್‌ಗಳ ಕಿಟಕಿಗಳು ಬಹುಕಾಲ ತೆರೆದೇ ಇದ್ದವು. ಗಾಜು ಮುಚ್ಚಿದ ಕಿಟಕಿ ಬಂದದ್ದು ಕೊನೆಯ ಮಾದರಿಗಳಲ್ಲಿ. ಪೈಲಟ್‌ಗಳಿಗೆಲ್ಲ ತಲೆಯ ಮೇಲೆ ಗಾಜಿನ ಮುಚ್ಚಳ ಬಂದ ಎಷ್ಟೋ ವರ್ಷಗಳ ನಂತರವೂ, ಮೈನಸ್ 34ರ ಗಾಳಿಗೆ ಎದೆಯೊಡ್ಡಿ ಗಂಟೆಗಟ್ಟಲೆ ನಿಲ್ಲುವ ಮನುಷ್ಯ ಇಲ್ಲಿ ಉಳಿದಿದ್ದ. ಅವನು ಕೂತವನಲ್ಲ, ನಿಂತವನು. ಹಿಂದೆ ಮುಂದೆ ಹೆಜ್ಜೆ ಹಾಕಿ ಬಂದೂಕು ತಿರುಗಿಸಬೇಕು. ಪ್ಯಾರಾಚೂಟಿನ ಮೂಟೆಯನ್ನು ಮೈಗೆ ಹಾಕಿಕೊಂಡು ಆ ಕೆಲಸ ಮಾಡಲಾಗದು. ಪಟ್ಟಿಗಳನ್ನಷ್ಟೇ ತೊಟ್ಟು, ಮೂಟೆಯನ್ನು ಹತ್ತಿರದಲ್ಲಿ ಇಟ್ಟುಕೊಂಡು, ಬೇಕಾದಾಗ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬ್ರಿಟನ್ನಿನ ಫೈಟರ್‌ಗಳಾದ ಸ್ಪಿಟ್‌ಫೈರ್, ಹರಿಕೇನ್‌ಗಳ ಪೈಲಟ್ ಮಾತ್ರ ತನ್ನ ಪ್ಯಾರಾಚೂಟಿನ ಮೇಲೆಯೇ ಕೂರುತ್ತಿದ್ದ. ಒಂದು ಕೋಟು ಗಿಡ್ಡ, ಇನ್ನೊಂದು ಉದ್ದ ಯಾಕೆ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ಇರ್ವಿನ್ ಎಂದರೆ ಫೈಟರ್, ಬಿ-3 ಎಂದರೆ ಬಾಂಬರ್ ಎಂದು ಗೆರೆ ಎಳೆದುಬಿಡಬಾರದು. ಬ್ರಿಟನ್ನಿನ ಬಾಂಬರ್ ಸಿಬ್ಬಂದಿಯೂ ಇರ್ವಿನ್ ತೊಟ್ಟರು. ಸಮುದ್ರದ ಮೇಲೆ ಹಾರುವವರಿಗಾಗಿ, ನೀರಿಗೆ ಬಿದ್ದರೆ ದೂರದಿಂದ ಕಾಣಲೆಂದು, ಹಳದಿ ಟೋಪಿ ಹೊಲಿದ ಇರ್ವಿನ್‌ಗಳೂ ಇದ್ದವು. ಬಿ-3 ತೊಟ್ಟ ಅಮೆರಿಕನ್ ಫೈಟರ್ ಪೈಲಟ್‌ಗಳ ಫೋಟೋಗಳಿಗೂ ಕೊರತೆಯಿಲ್ಲ. ಕೋಟು ಯಾರಿಗೆ ತಕ್ಕುದಾಗಿ ಹೊಲಿದದ್ದು ಎಂಬುದು ಒಂದು ಮಾತು, ಉಗ್ರಾಣದಲ್ಲಿ ಯಾರಿಗೆ ಸಿಕ್ಕಿತು ಎಂಬುದು ಇನ್ನೊಂದು.

ಎರಡಕ್ಕೂ ಇದ್ದ ದೊಡ್ಡ ದೋಷ ಅವುಗಳ ದಪ್ಪವೇ. 1940ರ ಜುಲೈಯಿಂದ ಅಕ್ಟೋಬರ್‌ವರೆಗೆ ಇಂಗ್ಲೆಂಡಿನ ಆಕಾಶದಲ್ಲಿ ನಡೆದ ಕಾಳಗದ ಫೋಟೋಗಳನ್ನು ನೋಡಿ: ಹುಲ್ಲಿನ ಮೇಲೆ ಕರೆಗಾಗಿ ಕಾಯುತ್ತ ಕೂತ ಪೈಲಟ್‌ಗಳಲ್ಲಿ ಇರ್ವಿನ್ ತೊಟ್ಟವರೂ ಇದ್ದಾರೆ, ಬರೀ ಸಮವಸ್ತ್ರದ ಮೇಲೆ ತೇಲುವ ಅಂಗಿ ಹಾಕಿದವರೂ ಇದ್ದಾರೆ. ಸ್ಪಿಟ್‌ಫೈರಿನ ಕಾಕ್‌ಪಿಟ್ ಹೆಗಲಿಗೆ ಹೆಗಲು ತಾಗುವಷ್ಟು ಇಕ್ಕಟ್ಟು. ಹಿಂದಿನಿಂದ ಬರುವ ಶತ್ರುವನ್ನು ನೋಡಲು ಕತ್ತು ಹೊರಳಿಸುತ್ತಲೇ ಇರಬೇಕಾದವನಿಗೆ ಕಿವಿಯೆತ್ತರದ ಕಾಲರು ಅಡ್ಡಿಯೇ. ಚಳಿ ತಡೆದುಕೊಂಡೇನು, ಕತ್ತು ತಿರುಗಬೇಕು ಎಂದು ಕೋಟನ್ನು ನೆಲದಲ್ಲೇ ಬಿಟ್ಟು ಹೋದವರು ಹಲವರು.

ಬಾಂಬರುಗಳಲ್ಲಿ ತೊಂದರೆಯ ಬಗೆ ಬೇರೆ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಮಾನದಲ್ಲಿ ಎಂಜಿನ್ನಿನಿಂದ ಬರುವ ಬಿಸಿಗಾಳಿಯ ಕೊಳವೆ ಬಾಯಿ ಬಿಡುತ್ತಿದ್ದದ್ದು ರೇಡಿಯೊ ಆಪರೇಟರ್ ಕೂರುವ ಜಾಗದ ಪಕ್ಕದಲ್ಲಿ. ಅವನು ಬೆವರುತ್ತಿದ್ದ. ಅದೇ ವಿಮಾನದ ಬಾಲದ ತುದಿಯಲ್ಲಿ ಒಬ್ಬನೇ ಕೂತ ಗನ್ನರ್, ಗಾಜಿನ ಮೇಲೆ ಮಂಜು ಕೂತರೆ ರಾತ್ರಿಯಲ್ಲಿ ಶತ್ರು ವಿಮಾನ ಕಾಣದೆಂದು, ಮುಂದಿನ ಪರ್ಸ್ಪೆಕ್ಸ್ ಹಾಳೆಯನ್ನೇ ಕಿತ್ತು ತೆಗೆಸಿಕೊಂಡು ಬಯಲಿನ ಗಾಳಿಗೆ ಮುಖವೊಡ್ಡಿ ಕೂರುತ್ತಿದ್ದ. ಒಂದೇ ವಿಮಾನ, ಒಂದೇ ರಾತ್ರಿ, ನಡುವೆ ಕೆಲವೇ ಮಾರು ದೂರ. ಇಬ್ಬರಿಗೂ ಹೊಂದುವ ಕೋಟು ಯಾವ ದರ್ಜಿಯ ಕೈಯಲ್ಲೂ ಸಾಧ್ಯವಿರಲಿಲ್ಲ. ‘ವಿಮಾನದ ಒಳಗೆ ಎಷ್ಟು ಚಳಿ?’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಬಿ-17ರ ಗನ್ನರ್‌ಗಳಲ್ಲಿ ಹಿಮಕಡಿತ ಎಷ್ಟು ಸಾಮಾನ್ಯವಾಯಿತೆಂದರೆ, ಶತ್ರುವಿನ ಗುಂಡಿನಂತೆಯೇ ಅದೂ ಸೇನಾ ವೈದ್ಯರಿಗೆ ದೊಡ್ಡ ತಲೆನೋವಾಯಿತು. ಬಂದೂಕು ಕಚ್ಚಿಕೊಂಡಾಗ ಅದನ್ನು ಸರಿಮಾಡಲು ದಪ್ಪ ಕೈಗವಸು ತೆಗೆಯಲೇಬೇಕು. ಬರಿಗೈ ಲೋಹಕ್ಕೆ ತಾಗಿದ ಕೂಡಲೇ ಅಂಟಿಕೊಂಡು ಚರ್ಮ ಕಿತ್ತುಬರುತ್ತಿತ್ತು. ಇನ್ನೊಂದು ಕಾಟ ಬೆವರಿನದು. ನೆಲದ ಮೇಲೆ ಬೆಚ್ಚಗಿನ ಹೊತ್ತಿನಲ್ಲಿ ಇಷ್ಟೆಲ್ಲ ತೊಟ್ಟು ಗುಂಡಿನ ಪೆಟ್ಟಿಗೆ ಹೊತ್ತವನ ಒಳಬಟ್ಟೆ ತೊಯ್ದಿರುತ್ತದೆ. ಮೇಲೇರಿದ ಮೇಲೆ ಆ ತೇವವೇ ಮೈಯನ್ನು ತಣ್ಣಗೆ ಮಾಡುತ್ತದೆ. ಉಣ್ಣೆ ತೇವ ಕುಡಿಯುತ್ತದೆ ನಿಜ, ಅದಕ್ಕೂ ಒಂದು ಮಿತಿ ಇದೆ.

ಪರಿಹಾರ ವಿದ್ಯುತ್ತಿನಿಂದ ಬಂತು. ಇರ್ವಿನ್‌ನಲ್ಲೇ ಕೈಗವಸು, ಬೂಟುಗಳಿಗೆ ಬಿಸಿ ಒಯ್ಯುವ ತಂತಿ ಅಳವಡಿಸಿದ ಮಾದರಿಗಳು ಬಂದವು. ಅಮೆರಿಕನ್ನರು ವಿಮಾನದ ವಿದ್ಯುತ್ತಿಗೆ ಸಿಕ್ಕಿಸಿಕೊಳ್ಳುವ, ಮೈಗಂಟುವ ಬಿಸಿ ಸೂಟುಗಳನ್ನು ಕೊಟ್ಟರು. ಮೊದಲ ಮಾದರಿಗಳಲ್ಲಿ ತಂತಿಗಳೆಲ್ಲ ಒಂದೇ ಸರಪಣಿಯಾಗಿದ್ದುದರಿಂದ ಒಂದು ಕಡೆ ತುಂಡಾದರೆ ಇಡೀ ಸೂಟು ತಣ್ಣಗಾಗುತ್ತಿತ್ತು. ಹಾಗಾಗಿ ಕುರಿತೊಗಲನ್ನು ಪೂರ್ತಿ ಕೈಬಿಡುವ ಧೈರ್ಯ ಆರಂಭದಲ್ಲಿ ಯಾರಿಗೂ ಬರಲಿಲ್ಲ. ಸೂಟು ನಂಬಿಕೆಗೆ ಅರ್ಹವಾದಂತೆ ಅದರ ಮೇಲೆ ಅಷ್ಟು ದಪ್ಪದ ಕೋಟು ಬೇಡವಾಯಿತು. 1943ರಲ್ಲಿ ಬಂದ ಬಿ-10 ಗಟ್ಟಿ ಹತ್ತಿ ಬಟ್ಟೆಯದು, ಒಳಗೆ ಅಲ್ಪಾಕ ಉಣ್ಣೆಯ ಪದರ. ಹಗುರ, ಅಗ್ಗ, ಕೈಕಾಲು ಆಡಿಸಲು ಸುಲಭ. ಅದರ ಹಿಂದೆ ಬಿ-15, ಯುದ್ಧ ಮುಗಿದ ಮೇಲೆ ನೈಲಾನಿನ ಎಂಎ-1. ಇಂದು ಪೇಟೆಯಲ್ಲಿ ‘ಬಾಂಬರ್’ ಎಂದು ಮಾರುವ ಬಹುತೇಕ ಜಾಕೆಟ್‌ಗಳು ಈ ನೈಲಾನ್ ವಂಶದವು. ಕುರಿಗೂ ಅವಕ್ಕೂ ಸಂಬಂಧವಿಲ್ಲ.

ಶಿಯರ್ಲಿಂಗ್ ಕುಟುಂಬದಲ್ಲಿ ಇನ್ನೂ ಕೆಲವರಿದ್ದಾರೆ, ಬೇಗ ಹೇಳಿ ಮುಗಿಸುತ್ತೇನೆ. 1939ರ ಬಿ-6, ಬಿ-3ರ ತೆಳು ತಮ್ಮ. ಇಕ್ಕಟ್ಟಿನ ಕಾಕ್‌ಪಿಟ್‌ಗೆಂದು ಉಣ್ಣೆಯನ್ನು ಗಿಡ್ಡ ಮಾಡಿ ಹೊಲಿದದ್ದು. ಡಿ-1 ನೆಲದ ಮೇಲೆ ಚಳಿಯಲ್ಲಿ ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗಳದು. ಇತಿಹಾಸದಲ್ಲಿ ಅವರ ಹೆಸರು ಬರುವುದೇ ಅಪರೂಪ, ಅವರ ಕೋಟಾದರೂ ಉಳಿದಿದೆ ಎಂಬುದು ಸಮಾಧಾನ. 1943ರ ಎಎನ್-ಜೆ-4 ಭೂಸೇನೆ, ನೌಕಾಪಡೆ ಎರಡಕ್ಕೂ ಸೇರಿ ಮಾಡಿದ್ದು. ಎ-2 ಮತ್ತು ಜಿ-1ಗಳನ್ನು ಈ ಸಾಲಿಗೆ ಸೇರಿಸಬಾರದು: ಎ-2 ಸಾದಾ ಚರ್ಮದ ತೆಳು ಕೋಟು, ಜಿ-1 ಆಡಿನ ತೊಗಲಿನದು, ಅದರ ಕಾಲರಿಗಷ್ಟೇ ತುಪ್ಪಳ.

ಈ ಕೋಟುಗಳ ಕಾಲ ಮುಗಿದದ್ದರಲ್ಲಿ ಭಾರತದ ನೆಲಕ್ಕೂ ಪಾಲಿದೆ. ಒಳಗಿನ ಗಾಳಿಯ ಒತ್ತಡವನ್ನೂ ಬಿಸಿಯನ್ನೂ ಕಾಪಾಡಿಕೊಳ್ಳುವ ಬಿ-29 ಬಾಂಬರು ಮೊದಲ ಬಾರಿಗೆ ಯುದ್ಧಕ್ಕೆ ಹೊರಟದ್ದು ಬಂಗಾಳದ ಖರಗ್‌ಪುರ ಸುತ್ತಲಿನ ನೆಲೆಗಳಿಂದ, 1944ರ ಜೂನ್ 5ರಂದು, ಬ್ಯಾಂಕಾಕ್ ಮೇಲಿನ ದಾಳಿಗೆ. ಅದರಲ್ಲಿ ಎತ್ತರದಲ್ಲೂ ಅಂಗಿ ತೊಟ್ಟೇ ಕೆಲಸ ಮಾಡಬಹುದಿತ್ತು. ಬಯಲ ಗಾಳಿಗೆ ಕಿಟಕಿ ತೆರೆದಿಟ್ಟು ನಿಲ್ಲುವ ಗನ್ನರ್‌ನ ಕೆಲಸವೇ ಅಲ್ಲಿ ಇರಲಿಲ್ಲ. ಅದೇ ವರ್ಷಗಳಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕ ಸೇನೆಯ ದುರಸ್ತಿ ಕೇಂದ್ರವಾಗಿತ್ತು. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಕಟ್ಟಿದ ಆ ಕಾರ್ಖಾನೆಯಲ್ಲಿ ನಮ್ಮ ಊರಿನ ಕೆಲಸಗಾರರು ಬಿ-25, ಸಿ-47, ಕ್ಯಾಟಲಿನಾ ವಿಮಾನಗಳನ್ನು ಬಿಚ್ಚಿ ಜೋಡಿಸಿದರು. ಹಾರುವವರ ಮೈ ಕಾಯುವ ವಿದ್ಯೆ ಆಮೇಲೆ ಇದೇ ಊರಿನಲ್ಲಿ ಬೇರು ಬಿಟ್ಟಿತು. ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇಲ್ಲಿದೆ. ಪೈಲಟ್‌ಗಳ ವಿಶೇಷ ಉಡುಪುಗಳನ್ನು ರೂಪಿಸುವ ರಕ್ಷಣಾ ಪ್ರಯೋಗಾಲಯವೂ ಇಲ್ಲಿದೆ.

ಈಗ ಕೊಳ್ಳುವವರಿಗೆ ಎರಡು ಮಾತು. ಯುದ್ಧಕಾಲದ ಅಸಲಿ ಕೋಟು ಸಿಕ್ಕರೆ ಮೊದಲು ಲೇಬಲ್ ನೋಡಿ: ಬ್ರಿಟಿಷ್ ಕೋಟಿಗೆ ವಾಯು ಸಚಿವಾಲಯದ ಕಿರೀಟದ ಗುರುತು, 22ಸಿ ಎಂದು ಶುರುವಾಗುವ ಉಗ್ರಾಣ ಸಂಖ್ಯೆ, ಅಮೆರಿಕದ್ದಕ್ಕೆ ಮಾದರಿಯ ಹೆಸರು, ಗುತ್ತಿಗೆ ಸಂಖ್ಯೆ, ತಯಾರಕರ ಹೆಸರು. ಲೇಬಲನ್ನು ನಕಲು ಮಾಡುವುದು ಕಷ್ಟವಲ್ಲ, ಆದ್ದರಿಂದ ಅದೊಂದನ್ನೇ ನಂಬಬೇಡಿ. ಜಿಪ್ ನೋಡಿ, ಒಳ ಹೊಲಿಗೆ ನೋಡಿ, ಚರ್ಮ ನೋಡಿ. ಬಿ-3ರ ಹೊರಮೈಗೆ ನೀರು ತಡೆಯಲೆಂದು ಮೆರುಗೆಣ್ಣೆಯಂಥ ಲೇಪ ಹಚ್ಚುತ್ತಿದ್ದರು. ಎಂಬತ್ತು ವರ್ಷಗಳಲ್ಲಿ ಆ ಲೇಪ ಒಣಗಿ, ಬಿರುಕು ಬಿಟ್ಟು, ಹೊಪ್ಪಳೆ ಏಳುತ್ತದೆ. ಅಂಥ ಕೋಟನ್ನು ತೊಟ್ಟು ತೋಳು ಮಡಿಚಿದರೆ ಹೊಲಿಗೆಯ ಪಕ್ಕದಲ್ಲೇ ಚರ್ಮ ಹರಿಯಬಹುದು. ಎಣ್ಣೆ ಸವರಿ ಮೆದು ಮಾಡುವ ಆಸೆ ಬೇಡ. ಲೇಪದ ಮೇಲಿಂದ ಅದು ಇಳಿಯುವುದಿಲ್ಲ, ಬಿರುಕುಗಳಲ್ಲಿ ಇಳಿದು ಕಲೆಯಾಗುತ್ತದೆ. ತೆಳು ತಂತಿಯ ಹ್ಯಾಂಗರಿಗೆ ನೇತುಹಾಕಿದರೆ ತನ್ನ ಭಾರಕ್ಕೇ ಹೆಗಲು ಕೀಳುತ್ತದೆ. ಹತ್ತಿ ಬಟ್ಟೆ ಹಾಸಿ ಮಲಗಿಸಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಉಣ್ಣೆ ತಿನ್ನುವ ಹುಳುವಿನ ಮೇಲೆ ಕಣ್ಣಿಟ್ಟಿರಿ. ಅಸಲಿ ಕೋಟು ನೋಡಿಕೊಳ್ಳಬೇಕಾದ ವಸ್ತು, ದಿನವೂ ತೊಡುವ ಬಟ್ಟೆಯಲ್ಲ.

ತೊಡಲೆಂದೇ ಬೇಕಾದರೆ ಹಳೆಯ ನಕ್ಷೆಯನ್ನೇ ಹಿಡಿದು ಹೊಲಿಯುವ ತಯಾರಕರು ಇಂಗ್ಲೆಂಡ್, ಸ್ಕಾಟ್ಲೆಂಡ್, ಜಪಾನಿನಲ್ಲಿದ್ದಾರೆ. ಬೆಂಗಳೂರಿನ ಡಿಸೆಂಬರಿಗೆ ಇದು ಖಂಡಿತ ಬೇಡ. ಹತ್ತು ನಿಮಿಷದಲ್ಲಿ ಬೆವರುತ್ತೀರಿ. ಟೊರಾಂಟೊ, ಮಿನಿಯಾಪೊಲಿಸ್‌ನಂಥ ಊರುಗಳಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡಿಗರು ಕೇಳಿದರೆ ನನ್ನ ಸಲಹೆ ಇಷ್ಟು. ದಿನದ ಓಡಾಟವೆಲ್ಲ ಕಾರಿನಲ್ಲೇ ಆದರೆ ಇರ್ವಿನ್ ಕೊಳ್ಳಿ: ಕೂತಾಗ ಮಡಿಚಿಕೊಳ್ಳುವುದಿಲ್ಲ, ಸೀಟಿನ ಪಟ್ಟಿ ಅದರ ಮೇಲೆ ಸಮನಾಗಿ ಕೂರುತ್ತದೆ, ಸ್ಟಿಯರಿಂಗ್ ಹಿಡಿದ ಕೈಯ ಮಣಿಕಟ್ಟು ಬಯಲಾಗುವುದಿಲ್ಲ. ಹಿಮದಲ್ಲಿ ಬಸ್ಸಿಗೆ ಕಾಯುವವರು, ನಾಯಿ ಹಿಡಿದು ನಡೆಯುವವರು, ಅಂಗಳದ ಹಿಮ ಬಾಚುವವರು ಬಿ-3 ಕೊಳ್ಳಿ. ಸೊಂಟದ ಕೆಳಗೂ ರಕ್ಷಣೆ ಇದೆ, ಜೇಬಿದೆ, ಗಂಟಲು ಮುಚ್ಚುತ್ತದೆ. ಎರಡೂ ಸುಮಾರು ಮೂರು ಕಿಲೋ ತೂಗುತ್ತವೆ. ಅಳತೆ ಕೊಡುವಾಗ ಒಳಗೆ ಸ್ವೆಟರ್ ತೊಟ್ಟು ಕೊಡಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಬೆನ್ನಿನ ಅಗಲ ಅಳೆಯಿಸಿಕೊಳ್ಳಿ. ಉಣ್ಣೆಯ ದಪ್ಪವೆಲ್ಲ ಒಳಗಿರುವುದರಿಂದ, ಹೊರಗಿನ ಅಳತೆ ನೋಡಿ ಆರಿಸಿದ ಕೋಟು ಸಾಮಾನ್ಯವಾಗಿ ಬಿಗಿಯಾಗುತ್ತದೆ.